ರಿಸರ್ಚ್ ನಮ್ದು ಹೆಸರು ಬಾಸ್‌ದು, ಇದು ನಿಂತಿದ್ದು ಹೇಗೆ (ನನ್ನ ಅನುಭವ)

ಚಿಕ್ಕಮಗಳೂರು ಕಡೆ ಅರೇಬಿಕಾ ಕಾಫಿ ತೋಟಗಳಲ್ಲಿ ಬಿಳಿ ಕಾಂಡ ಕೊರಕ ಅನ್ನೋ ಹುಳದ ಸರ್ವೆ ನಮ್ಮ ಕೆಲಸ. ಗಿಡ ಗಿಡ ನೋಡಿ ಡೇಟಾ ತರೋದು, ಅನಾಲಿಸಿಸ್ ಮಾಡೋದು ನಾನು, ರಿಪೋರ್ಟಲ್ಲಿ, ಪ್ರೆಸೆಂಟೇಶನಲ್ಲಿ ಬರ್ತಿದ್ದಿದ್ದು ಸಾಹೇಬ್ರ ಹೆಸರು ಮಾತ್ರ.

ನೇರ ಕೇಳ್ದೆ, "ಟೀಮ್ ವರ್ಕ್ ಅಲ್ವೇನಪ್ಪಾ" ಅಂದ್ರು ಅಷ್ಟೇ. ಮೇಲಿನವ್ರಿಗೆ ಹೇಳಿದ್ರೆ ಪ್ರೂಫ್ ಏನಿದೆ ಅಂತಾರೆ. ಎಕ್ಸೆಲ್ ಫೈಲಿಗೆ ಪಾಸ್‌ವರ್ಡ್ ಹಾಕೋದು ದಂಡ, ಕೇಳಿದಾಗ ಕೊಡ್ಲೇಬೇಕಲ್ಲ.

ಕೆಲಸ ಮಾಡಿದ್ದು ಇದು, ಆರ್ಡರ್ ಬದಲಾಯಿಸ್ಬೇಡಿ. ಡ್ರಾಫ್ಟ್ ಬರೆಯೋಕೆ ಮುಂಚೆನೇ ಸಾಹೇಬ್ರಿಗೆ ಮೇಲ್ ಹಾಕಿ, ಟೀಮಲ್ಲಿರೋ ಎಲ್ಲರನ್ನೂ ಸಿಸಿಲಿ ಇಡಿ. ಯಾರ ಪಾಲು ಏನು ಅಂತ ಹೇಳೋಕೆ ಜರ್ನಲ್‌ಗಳು ಬಳಸೋ ಕ್ರೆಡಿಟ್ (CRediT) ಟ್ಯಾಕ್ಸಾನಮಿ ಅನ್ನೋ ಪಟ್ಟಿಲಿ 14 ರೋಲ್ ಇವೆ, ಡೇಟಾ ಕ್ಯುರೇಶನ್, ಫಾರ್ಮಲ್ ಅನಾಲಿಸಿಸ್ ಹೀಗೆ, ಅದರ ಪ್ರಕಾರ ಯಾರು ಏನ್ ಮಾಡಿದ್ರು ಅಂತ ಬರೀರಿ. ಸೂಪರ್‌ವಿಷನ್ ಎದುರಿಗೆ ಅವ್ರ ಹೆಸರು ನೀವೇ ಹಾಕಿ, ಇದು ಬಹಳ ಮುಖ್ಯ, ಅವ್ರ ಪಾಲು ಕಿತ್ಕೊಂಡಂಗೆ ಕಾಣ್ಬಾರ್ದು. ಅದೇ ಮೇಲಲ್ಲಿ ಡೇಟಾನ ಝೆನೋಡೋಗೆ (ರಿಸರ್ಚ್ ಡೇಟಾ ಇಡೋ ವೆಬ್‌ಸೈಟ್, Zenodo) ಹಾಕೋಕೆ ಒಪ್ಪಿಗೆ ಕೇಳಿ, ಡೇಟಾ ಸಂಸ್ಥೆದು, ಕೇಳ್ದೆ ಹಾಕಿದ್ರೆ ತಪ್ಪು ನಿಮ್ಮ ತಲೆಗೇ ಬರತ್ತೆ. ಒಪ್ಪಿಗೆ ಬಂದ್ಮೇಲೆ ಝೆನೋಡೋಲಿ ನ್ಯೂ ಅಪ್‌ಲೋಡ್, ಕ್ರಿಯೇಟರ್ಸ್ ಅನ್ನೋ ಕಡೆ ಎಲ್ಲರ ಹೆಸರು ಆರ್ಕಿಡ್ ಐಡಿ (ORCID, ಸಂಶೋಧಕರ ಗುರುತಿನ ನಂಬರ್) ಸಮೇತ, ಫೈಲ್ಸ್ ರಿಸ್ಟ್ರಿಕ್ಟೆಡ್, ಆಮೇಲೆ ಪಬ್ಲಿಶ್. ಫೈಲ್ ಹೊರಗಿನವ್ರಿಗೆ ತೆರೆಯಲ್ಲ, ಆದ್ರೆ ಹೆಸರು, ತಾರೀಖು, ಡಿಒಐ (ಆ ಡೇಟಾಗೆ ಸಿಗೋ ಶಾಶ್ವತ ನಂಬರ್, DOI) ಎಲ್ಲರಿಗೂ ಕಾಣತ್ತೆ. ಆ ಡಿಒಐನ ರಿಪೋರ್ಟಿನ ಮೊದಲ ಪುಟದಲ್ಲಿ, ಪ್ರತಿ ಗ್ರಾಫ್ ಕೆಳಗೆ ಹಾಕೇ ಕೊಟ್ಟೆ.

ಮುಂದಿನ ರಿಪೋರ್ಟಲ್ಲಿ ಡೇಟಾ, ಅನಾಲಿಸಿಸ್ ಎರಡಕ್ಕೂ ನನ್ನ ಹೆಸರು ಬಂತು.