18 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ಓಡಾಡಿದ ನನ್ನ ಅನುಭವ

ಪೆಟ್ಟಿಗೆ ಮೇಲೆ 3.1 ಕೆಜಿ ಅಂತ ಬರೆದಿತ್ತು. ನಾನು ನಂಬಿದೆ. ಸುಳ್ಳೇನೂ ಅಲ್ಲ, ಲ್ಯಾಪ್‌ಟಾಪ್ ಒಂದನ್ನೇ ತೂಗಿದರೆ ಅಷ್ಟೇ ಬರುತ್ತದೆ. ಆದರೆ ಜೊತೆಗೆ ಬಂದ 330 ವ್ಯಾಟ್ ಅಡಾಪ್ಟರ್, ಅದರ ಎರಡೂ ಕಡೆಯ ದಪ್ಪ ವೈರು ಸೇರಿ, ಇನ್ನೊಂದು 1.2 ಕೆಜಿ. ಮೌಸು, ಹೆಡ್‌ಫೋನು, ಎರಡು ಕೇಬಲ್ಲು ಸೇರಿ ಅರ್ಧ ಕೆಜಿ ದಾಟಿತು. 18 ಇಂಚಿನದು ಹಿಡಿಸುವ ಬ್ಯಾಗೇ ಒಂದೂವರೆ ಕೆಜಿ, ಖಾಲಿ ಇದ್ದಾಗಲೇ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿಗೆ ಎಲ್ಲವನ್ನೂ ನೇತುಹಾಕಿ ನೋಡಿದೆ: 6.4 ಕೆಜಿ. ಎಷ್ಟೋ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿಗೆ 7 ಕೆಜಿ ಮಿತಿ ಇರುತ್ತದೆ. ಅಂದ್ರೆ ನನಗೆ ಉಳಿದದ್ದು 600 ಗ್ರಾಂ. ಒಂದು ಪ್ಯಾಂಟು ಇಟ್ಟರೆ ಮುಗೀತು.

ಇಷ್ಟಕ್ಕೂ ಅದನ್ನು ಯಾಕೆ ತಗೊಂಡೆ ಅಂದರೆ, ನನ್ನದು ಬೇರೆ ಬೇರೆ ಕಡೆ ಹೋಗಿ ಯಂತ್ರಗಳನ್ನು ಕೂರಿಸಿ, ಓಡಿಸಿ, ಒಪ್ಪಿಸಿ ಬರುವ ಕೆಲಸ. ಒಮ್ಮೆ ಹೋದರೆ ಐದಾರು ವಾರ ಅಲ್ಲೇ. ಮನೆಯಲ್ಲಿದ್ದ ದೊಡ್ಡ ಡೆಸ್ಕ್‌ಟಾಪ್ ಮೇಲೆ ಧೂಳು ಕೂರುತ್ತಿತ್ತು. ಸಂಜೆ ರೂಮಿಗೆ ಬಂದು ಗೋಡೆ ನೋಡುತ್ತಾ ಕೂರುವ ಬದಲು ಎರಡು ಗಂಟೆ ಆಡೋಣ, ಆಡುವುದಾದರೆ ಸರಿಯಾಗಿಯೇ ಆಡೋಣ ಅಂತ ಡೆಸ್ಕ್‌ಟಾಪ್ ಜಾಗಕ್ಕೇ ಒಂದು ಲ್ಯಾಪ್‌ಟಾಪ್ ತಂದೆ. ದೊಡ್ಡ ಸ್ಕ್ರೀನು, ಆರ್‌ಟಿಎಕ್ಸ್ 4090 ಅನ್ನೋ ಗ್ರಾಫಿಕ್ಸ್ ಚಿಪ್ಪು (ಆಟದ ಚಿತ್ರ ಬಿಡಿಸುವುದು ಇದೇ), ಪೂರ್ತಿ ಕೀಬೋರ್ಡು.

ಇಲ್ಲಿ ಒಂದು ಮಾತು. ಗ್ರಾಫಿಕ್ಸ್ ಚಿಪ್ಪಿನ ಹೆಸರು ನೋಡಿ ಮರುಳಾಗಬೇಡಿ, ನಾನು ಆಗಿದ್ದೆ. ಲ್ಯಾಪ್‌ಟಾಪಿನ 4090 ಬೇರೆ, ಡೆಸ್ಕ್‌ಟಾಪಿನ 4090 ಬೇರೆ. ಡೆಸ್ಕ್‌ಟಾಪಿನದಕ್ಕೆ 24 ಜಿಬಿ ಮೆಮೊರಿ, 450 ವ್ಯಾಟ್. ಲ್ಯಾಪ್‌ಟಾಪಿನದಕ್ಕೆ 16 ಜಿಬಿ, ಒಳಗಿರುವ ಚಿಪ್ಪೂ ಡೆಸ್ಕ್‌ಟಾಪಿನ 4080ರದ್ದು, ಅಂದರೆ ಒಂದು ಮೆಟ್ಟಿಲು ಕೆಳಗಿನದು. ಅದಕ್ಕಿಂತ ಮುಖ್ಯವಾದದ್ದು ಟಿಜಿಪಿ, ಅಂದರೆ ಆ ಚಿಪ್ಪಿಗೆ ಎಷ್ಟು ವ್ಯಾಟ್ ತನಕ ಕರೆಂಟು ಕೊಡಲು ತಯಾರಕರು ಬಿಟ್ಟಿದ್ದಾರೆ ಅನ್ನೋ ಮಿತಿ. ಲ್ಯಾಪ್‌ಟಾಪಿಗೆ ಬರುವ, ಇನ್ನೂ ಕೆಳಗಿನ 4070 ಅಂತ ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟ್ ತನಕ ಎಲ್ಲಿ ಬೇಕಾದರೂ ಇರಬಹುದು. ಎರಡು ಲ್ಯಾಪ್‌ಟಾಪ್ ಮೇಲೂ ಅದೇ ಸ್ಟಿಕ್ಕರ್, ಆಟದಲ್ಲಿ ಮಾತ್ರ ಅಜಗಜಾಂತರ. ನನ್ನ 18 ಇಂಚಿನದು 150 ವ್ಯಾಟ್, ಸಿಪಿಯು (ಲ್ಯಾಪ್‌ಟಾಪಿನ ಮುಖ್ಯ ಚಿಪ್ಪು) ಸುಮ್ನೆ ಇದ್ದಾಗ ಅದರ ಪಾಲಿನಿಂದ ಇನ್ನೂ 25 ಎಳೆದುಕೊಳ್ಳುತ್ತಿತ್ತು. ಒಟ್ಟು 175. ಆ ಶಾಖವನ್ನೆಲ್ಲ ಹೊರಗೆ ಹಾಕೋಕೇ ಅಷ್ಟು ದಪ್ಪ, ಅಷ್ಟು ತಾಮ್ರ, ಅಷ್ಟು ತೂಕ. ತೂಕ ಯಾರೂ ಬೇಕು ಅಂತ ಸೇರಿಸಿದ್ದಲ್ಲ.

ಮೊದಲ ಒಂದು ವರ್ಷ ನಾನು ಖುಷಿಯಾಗಿಯೇ ಇದ್ದೆ. ಹೋದ ದಿನ ಮೇಜಿನ ಮೇಲೆ ಇಟ್ಟರೆ ಹೊರಡುವ ದಿನವೇ ಎತ್ತುವುದು. ಐದು ವಾರಕ್ಕೆ ಎರಡೇ ಸಲ ಹೊತ್ತರೆ 6 ಕೆಜಿ ಯಾವ ಲೆಕ್ಕ?

ಆಮೇಲೆ ಕೆಲಸದ ರೀತಿ ಬದಲಾಯ್ತು. ಮೂರು ದಿನ ಒಂದು ಕಡೆ, ಎರಡು ದಿನ ಇನ್ನೊಂದು ಕಡೆ. ಬೆಳಿಗ್ಗೆ ರೂಮು ಖಾಲಿ ಮಾಡಿ ಬ್ಯಾಗು ಹೊತ್ತೇ ಕೆಲಸದ ಜಾಗಕ್ಕೆ ಹೋಗಬೇಕು, ಸಂಜೆ ಅಲ್ಲಿಂದಲೇ ಮುಂದಿನ ಊರಿಗೆ. ಒಂದು ದಿನ ಜೊತೆಯಲ್ಲಿದ್ದ ಹುಡುಗ ನನ್ನ ಬ್ಯಾಗನ್ನು ಪಕ್ಕಕ್ಕಿಡೋಣ ಅಂತ ಒಂದೇ ಕೈಯಲ್ಲಿ ಎತ್ತಲು ಹೋಗಿ, ಅರ್ಧಕ್ಕೇ ಬಿಟ್ಟು, "ಏನ್ ಸಾರ್, ಇಟ್ಟಿಗೆ ತುಂಬಿಕೊಂಡು ಬಂದಿದ್ದೀರಾ?" ಅಂದ. ಅಡಾಪ್ಟರ್ ತೆಗೆದು ತೋರಿಸಿದೆ. ಅಳತೆಯಲ್ಲೂ ಇಟ್ಟಿಗೆಗೆ ಹತ್ತಿರವೇ ಇತ್ತು.

ವಿಮಾನದಲ್ಲಿ ಆಡಬಹುದು ಅನ್ನೋ ಆಸೆ ಒಂದೇ ಸಲಕ್ಕೆ ಬಿಟ್ಟುಹೋಯಿತು. ಮುಂದಿನ ಸೀಟಿನ ಬೆನ್ನಿಗಿರುವ ಹಲಗೆ ಮೇಲೆ 18 ಇಂಚಿನದು ಕೂರುತ್ತದೆ, ಕೂತ ಮೇಲೆ ಸ್ಕ್ರೀನು ಪೂರ್ತಿ ತೆರೆಯಲು ಜಾಗವಿಲ್ಲ. ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದಾಗ ಸ್ಕ್ರೀನಿನ ಮೇಲಂಚು ಸೀಟಿನ ಸಂದಿಗೆ ಸಿಕ್ಕಿಕೊಂಡಿತು, ಕೀಲು ಕಿರ್ ಅಂದಿತು, ನನ್ನ ಎದೆ ಧಸಕ್ ಅಂದಿತು. ಸೀಟಿನ ಕೆಳಗೆ ಪ್ಲಗ್ಗೇನೋ ಇತ್ತು. ಅಡಾಪ್ಟರ್ ಚುಚ್ಚಿದೆ, ದೀಪ ಹತ್ತಿತು, ಆಟ ಶುರು ಮಾಡಿದ ಕೂಡಲೇ ಆರಿತು. ಆ ಪ್ಲಗ್ಗುಗಳು ಸಣ್ಣ ಲೋಡಿಗೆ ಇಟ್ಟಿರುವವು, ಜಾಸ್ತಿ ಎಳೆದರೆ ತಾವಾಗೇ ಕಡಿದುಕೊಳ್ಳುತ್ತವೆ.

ಬ್ಯಾಟರಿ ಮೇಲೆ ಆಡಿದರೋ? ನನ್ನದು 99 ವ್ಯಾಟ್-ಅವರ್. ಎಷ್ಟೋ ದೊಡ್ಡ ಲ್ಯಾಪ್‌ಟಾಪ್‌ಗಳು ಅಲ್ಲಿಗೇ ಯಾಕೆ ನಿಲ್ಲುತ್ತವೆ ಅಂದರೆ, ವಿಮಾನದಲ್ಲಿ ಯಾರನ್ನೂ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅದರ ಮೇಲೆ 160 ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಹಾಗಾಗಿ ಲ್ಯಾಪ್‌ಟಾಪ್ ಎಷ್ಟೇ ದೊಡ್ಡದಾಗಲಿ ಬ್ಯಾಟರಿ ದೊಡ್ಡದಾಗುವುದಿಲ್ಲ. ಚಿಪ್ಪು ಒಂದೇ 175 ವ್ಯಾಟ್ ಎಳೆದರೆ ಅರ್ಧ ಗಂಟೆ ಚಿಲ್ಲರೆಗೆ ಖಾಲಿ, ಅದಕ್ಕೇ ಪ್ಲಗ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ತಾನೇ ಚಿಪ್ಪಿನ ಶಕ್ತಿ ಇಳಿಸಿಬಿಡುತ್ತದೆ. ಹಾಗೆ ಇಳಿದ ಮೇಲೂ ನನಗೆ ಸಿಕ್ಕಿದ್ದು 53 ನಿಮಿಷ. ಎತ್ತಿಕೊಂಡು ಬಂದ ಪವರ್ ಇಲ್ಲ, ಹೊತ್ತುಕೊಂಡು ಬಂದ ಭಾರ ಮಾತ್ರ ಹಾಗೇ ಇದೆ.

ಇನ್ನೊಂದು ಸಲ ಕೆಲಸ ಮುಗಿಸಿ ಅವಸರದಲ್ಲಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಸುಮಾರು ಮುಕ್ಕಾಲು ಗಂಟೆಗೆ ಬೆನ್ನು ಬಿಸಿಯಾಗತೊಡಗಿತು. ಬಿಸಿಲು ಅಂದುಕೊಂಡೆ. ನೆರಳಿಗೆ ಬಂದರೂ ಬಿಸಿ. ಬ್ಯಾಗಿನ ಜಿಪ್ ತೆಗೆದರೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಒಳಗೆ ಫ್ಯಾನು ಗುಂಯ್ ಅಂತ ತಿರುಗುತ್ತಿದೆ, ಲ್ಯಾಪ್‌ಟಾಪ್ ಕಾದ ಹೆಂಚಿನ ಹಾಗಿದೆ. ಮುಚ್ಚಳ ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಅರೆನಿದ್ದೆ ಅಷ್ಟೇ, ಮಧ್ಯೆ ಎದ್ದು ಅಪ್‌ಡೇಟು ಅದೂ ಇದೂ ಅಂತ ಕೆಲಸ ಶುರು ಮಾಡಿಬಿಡಬಹುದು. ಅವತ್ತೇ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ (ತೆರೆದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್) ಆಗುವ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ. ಮತ್ತೆ ತೆರೆದಾಗ ಒಂದಿಷ್ಟು ಸೆಕೆಂಡು ಜಾಸ್ತಿ ಕಾಯಬೇಕು, ಕಾಯುತ್ತೇನೆ.

ಬೇಜಾರಾಗಿ ಮಾರಿಬಿಡೋಣ ಅಂತಿದ್ದೆ. ಆದರೆ ಮಾರಿ ಏನು ತಗೊಳ್ಳೋದು ಗೊತ್ತಿರಲಿಲ್ಲ. ಸರಿ, ನಾಲ್ಕು ಪ್ರಯಾಣ ಪೂರ್ತಿ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಎಲ್ಲಿ ಆಡಿದೆ, ಯಾವ ಆಟ, ಎಷ್ಟು ಹೊತ್ತು, ಪ್ಲಗ್ ಇತ್ತಾ ಇಲ್ವಾ. ಒಟ್ಟು 31 ಗಂಟೆ ಆಡಿದ್ದೆ. ಅದರಲ್ಲಿ ಪ್ಲಗ್ ಇಲ್ಲದೆ ಆಡಿದ್ದು ಎರಡು ಗಂಟೆಗೂ ಕಡಿಮೆ. ಬ್ಯಾಟರಿ ಬ್ಯಾಟರಿ ಅಂತ ವರ್ಷವಿಡೀ ಗೊಣಗಿದ್ದೆನಲ್ಲ, ಅದು ನನಗೆ ಬೇಕಾಗೇ ಇರಲಿಲ್ಲ! ನಿಜವಾಗಿ ಚಿಪ್ಪಿಗೆ ಕೆಲಸ ಕೊಡುವ ಹೊಸ ದೊಡ್ಡ ಆಟಗಳು 9 ಗಂಟೆ. ಮಿಕ್ಕಿದ್ದೆಲ್ಲ ಹಳೆಯ ಸ್ಟ್ರಾಟಜಿ ಆಟ, ಫುಟ್‌ಬಾಲು, ಅರ್ಧ ಶಕ್ತಿಯಲ್ಲೂ ಆರಾಮಾಗಿ ಓಡುವಂಥವು. ದಣಿದು ಬಂದವನಿಗೆ ರಾತ್ರಿ ಹತ್ತಕ್ಕೆ ಅದೇ ಬೇಕಾಗುತ್ತದೆ ಅಲ್ವಾ.

ಆಮೇಲೆ ಗೋಡೆಯ ಸಾಕೆಟ್ಟಿಗೆ ಚುಚ್ಚುವ ವ್ಯಾಟ್ ಮೀಟರ್ ಒಂದನ್ನು ತಂದು ಕೂತೆ. ದೊಡ್ಡ ಆಟ, ಎಲ್ಲ ಸೆಟ್ಟಿಂಗೂ ಮೇಲೆ: 260 ವ್ಯಾಟ್. ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದನ್ನು) 60ಕ್ಕೆ ಕಟ್ಟಿಹಾಕಿದೆ, ಚಿತ್ರದ ಗುಣಮಟ್ಟವನ್ನು ಅಲ್ಟ್ರಾದಿಂದ ಹೈಗೆ ಇಳಿಸಿದೆ, ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಸಿಪಿಯು ಗರಿಷ್ಠ ಮಿತಿಯನ್ನು 99 ಶೇಕಡ ಮಾಡಿದೆ. ಆ ಒಂದು ಶೇಕಡ ಕಡಿಮೆ ಮಾಡಿದರೆ ನನ್ನದರಲ್ಲಿ ಟರ್ಬೊ ಬೂಸ್ಟ್ ಆಫ್ ಆಗುತ್ತದೆ, ಸಿಪಿಯು ವೇಗ ಸುಮ್ಮಸುಮ್ನೆ ಮೇಲೆ ಕೆಳಗೆ ಹಾರುವುದು ನಿಲ್ಲುತ್ತದೆ. ಮೀಟರಿನಲ್ಲಿ 120. ಅರ್ಧಕ್ಕೂ ಕಡಿಮೆ. ಹೈಗೂ ಅಲ್ಟ್ರಾಗೂ ನಡುವಿನ ವ್ಯತ್ಯಾಸ ಹುಡುಕಲು ನಾನು ನಿಂತು ಗೋಡೆ, ಹುಲ್ಲು, ನೆರಳು ಎಲ್ಲ ದಿಟ್ಟಿಸಬೇಕಾಯಿತು, ಆಡುವಾಗ ಯಾರು ಹುಲ್ಲು ನೋಡುತ್ತಾರೆ. ಫ್ಯಾನಿನ ಸದ್ದು ಇಳಿದು ಪಕ್ಕದ ರೂಮಿನ ಟೀವಿ ಕೇಳಿಸತೊಡಗಿತು.

120 ಅಂದಾಗಲೇ ಇನ್ನೊಂದು ಹೊಳೆದದ್ದು. ಈ ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಮೂಲಕ 100 ವ್ಯಾಟ್ ತನಕ ಚಾರ್ಜ್ ತಗೊಳ್ಳುತ್ತದೆ. 100 ವ್ಯಾಟಿನ ಸಣ್ಣ ಚಾರ್ಜರ್ ತೂಕ 200 ಗ್ರಾಂ. ಅದನ್ನೇ ಹಾಕಿ ಆಡಿದೆ, ಕೊರತೆ ಬಿದ್ದಷ್ಟನ್ನು ಬ್ಯಾಟರಿಯಿಂದ ಎಳೆದುಕೊಳ್ಳುತ್ತದೆ, ಎರಡು ಗಂಟೆಗೆ 100ರಿಂದ 70ಕ್ಕೆ ಇಳಿಯಿತು. ಮಲಗುವಾಗ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ತುಂಬಿರುತ್ತದೆ. ಇಟ್ಟಿಗೆ ಮನೆಯಲ್ಲೇ ಉಳಿಯಿತು, ಬ್ಯಾಗಿನಿಂದ ಒಂದು ಕೆಜಿ ಹೋಯಿತು. ಆದರೆ ಇದು ಎಲ್ಲದರಲ್ಲೂ ನಡೆಯುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಇದ್ದರೂ ಅದರಿಂದ ಚಾರ್ಜ್ ಆಗುವುದಿಲ್ಲ, ಇನ್ನು ಕೆಲವು ಚಾರ್ಜ್ ತಗೊಂಡರೂ ಬ್ಯಾಟರಿ ಮೇಲಿದ್ದಂತೆಯೇ ವೇಗ ತಗ್ಗಿಸಿಬಿಡುತ್ತವೆ. ತಗೊಳ್ಳುವ ಮೊದಲೇ ಕೇಳಿಕೊಳ್ಳಿ. ದಿನಾ ಹೀಗೆ ಬ್ಯಾಟರಿ ಏರಿಳಿದರೆ ಅದು ಬೇಗ ಸವೆಯುತ್ತದೆ ಅನ್ನೋದೂ ನಿಜ.

ಇಷ್ಟಾದ ಮೇಲೆ ಪ್ರಶ್ನೆ ತಾನಾಗೇ ಎದ್ದಿತು. ಮೀಟರಿನ 120ರಲ್ಲಿ ಗ್ರಾಫಿಕ್ಸ್ ಚಿಪ್ಪಿನ ಪಾಲು ಸುಮಾರು 80. ಹೋದಲ್ಲೆಲ್ಲ 80 ವ್ಯಾಟಿನಲ್ಲಿ ಆಡಿಸುವ ಚಿಪ್ಪಿಗಾಗಿ 175 ವ್ಯಾಟಿನ ಮೈ ಯಾಕೆ ಹೊರಬೇಕು? ಹುಡುಕಿ 16 ಇಂಚಿನದೊಂದು ತಗೊಂಡೆ. 4070, 100 ವ್ಯಾಟ್, ತೂಕ 2.1 ಕೆಜಿ, ಅಡಾಪ್ಟರ್ 650 ಗ್ರಾಂ. ಸ್ಕ್ರೀನು ಸಣ್ಣದಾಯಿತು ಅಂತ ಬೇಸರ ಇತ್ತು. ಆದರೆ ಅಳೆದು ನೋಡಿದರೆ 16:10 (ಅಗಲ-ಎತ್ತರದ ಅನುಪಾತ) ಅಳತೆಯ 16 ಇಂಚಿನ ಸ್ಕ್ರೀನಿನ ಎತ್ತರ 21.5 ಸೆಂಟಿಮೀಟರ್, ಹಳೆಯ 16:9 ಅಳತೆಯ 17.3 ಇಂಚಿನದಕ್ಕೂ ಅಷ್ಟೇ. ಅಗಲ ಮಾತ್ರ 15.6 ಇಂಚಿನದರಷ್ಟು, ಹಾಗಾಗಿ ಮಾಮೂಲಿ ಬ್ಯಾಗಿನಲ್ಲೂ ಹಿಡಿಸುತ್ತದೆ. ಬ್ಯಾಗು ಬದಲಾದದ್ದರಿಂದಲೇ ಅರ್ಧ ಕೆಜಿ ಉಳಿಯಿತು, ಇದನ್ನು ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಆದರೆ ಕಳೆದುಕೊಂಡದ್ದೂ ಇದೆ, ಅದು ನಾನು ಅಂದುಕೊಂಡದ್ದಲ್ಲ. ಫ್ರೇಮ್ ರೇಟ್ ಕಡಿಮೆಯಾದದ್ದು ವಾರದಲ್ಲಿ ಮರೆತುಹೋಯಿತು. ಮರೆಯದೆ ಉಳಿದದ್ದು ಸದ್ದು. ಅದೇ ಆಟ, ಅದೇ 60 ಫ್ರೇಮು, ಅದೇ 80 ವ್ಯಾಟು. 18 ಇಂಚಿನದರಲ್ಲಿ ದೊಡ್ಡ ಫ್ಯಾನುಗಳು ನಿಧಾನ ತಿರುಗಿದರೂ ಸಾಕಾಗುತ್ತಿತ್ತು, ಈ ತೆಳುವಿನಲ್ಲಿ ಸಣ್ಣ ಫ್ಯಾನುಗಳು ಪ್ರಾಣ ಹೋಗುವ ಹಾಗೆ ತಿರುಗುತ್ತವೆ, ಸದ್ದೂ ಕೀಚಲು. ರೂಮು ಹಂಚಿಕೊಂಡಿದ್ದಾಗ ಪಕ್ಕದ ಮಂಚದಿಂದ "ಸಾರ್, ಇನ್ನೂ ಎಷ್ಟು ಹೊತ್ತು?" ಅಂತ ಎರಡು ಸಲ ಕೇಳಿಸಿದೆ. ದೊಡ್ಡ ಲ್ಯಾಪ್‌ಟಾಪ್ ಕೊಡುವುದು ಪವರ್ ಅಂತಲೇ ಎಲ್ಲರೂ ಹೇಳುತ್ತಾರೆ, ನನ್ನ ಪ್ರಕಾರ ಅದು ಕೊಡುವ ದೊಡ್ಡ ಸುಖ ಮೌನ. ಇನ್ನೊಂದು, ಹೊಸದರಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿದೆ, ಮುಂದೆ ಹೆಚ್ಚಿಸಲಾಗುವುದಿಲ್ಲ. 4070ಕ್ಕೆ ಇರುವುದು 8 ಜಿಬಿ ಮೆಮೊರಿ, ಹೊಸ ಆಟಗಳಲ್ಲಿ ಟೆಕ್ಸ್ಚರ್ (ಗೋಡೆ, ನೆಲದ ಮೈಮೇಲಿನ ಚಿತ್ರದ ನಯ) ಒಂದು ಮೆಟ್ಟಿಲು ಇಳಿಸಲೇಬೇಕು.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ತಮ್ಮನ ಸ್ಟೀಮ್ ಡೆಕ್ ಓಎಲ್‌ಇಡಿಯನ್ನು ಎರಡು ಪ್ರಯಾಣಕ್ಕೆ ಒಯ್ದೆ. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ, 640 ಗ್ರಾಂ, ವಿಮಾನದ ಸೀಟಿನಲ್ಲಿ ಅದರ ಮುಂದೆ ಯಾವುದೂ ಇಲ್ಲ. ಆದರೆ ನನ್ನ ಸ್ಟ್ರಾಟಜಿ ಆಟಗಳ ಅಕ್ಷರ ಓದಲು ಭೂತಗನ್ನಡಿ ಬೇಕು, ಅಲ್ಲದೆ ಕೆಲಸಕ್ಕೆ ಲ್ಯಾಪ್‌ಟಾಪ್ ಹೇಗೂ ಹೊರಲೇಬೇಕಿತ್ತು. ಮನೆಯ ಡೆಸ್ಕ್‌ಟಾಪಿನಿಂದ ಇಂಟರ್ನೆಟ್ ಮೇಲೆ ಆಡುವುದನ್ನೂ ಮಾಡಿ ನೋಡಿದೆ, ರೂಮಿನ ವೈಫೈ ನಂಬಿಕೊಂಡು ಮೂರನೇ ದಿನ ಕೈಬಿಟ್ಟೆ. ಹೊರಗಿನಿಂದ ಜೋಡಿಸುವ ಗ್ರಾಫಿಕ್ಸ್ ಡಬ್ಬಿ ಪ್ರಯಾಣಕ್ಕಲ್ಲ, ಅದಕ್ಕೇ ಇನ್ನೊಂದು ಬ್ಯಾಗು ಬೇಕು. ಹೊರುವುದೇ ಆದರೆ 2017ರಲ್ಲಿ ಏಸರ್ ಮಾಡಿದ ಪ್ರಿಡೇಟರ್ 21 ಎಕ್ಸ್ ನೆನಪಾಗುತ್ತದೆ. 21 ಇಂಚಿನ ಬಾಗಿದ ಸ್ಕ್ರೀನು, ಎರಡು ಅಡಾಪ್ಟರ್, 8 ಕೆಜಿ ಮೇಲೆ. ಅದನ್ನೂ ಲ್ಯಾಪ್‌ಟಾಪ್ ಅಂತಲೇ ಕರೆದರು. ಯಾರ ತೊಡೆಯ ಮೇಲೋ!

ಯಾರಾದರೂ ಯಾವುದು ತಗೊಳ್ಳಲಿ ಅಂತ ಕೇಳಿದರೆ ನಾನು ಒಂದೇ ಕೇಳುತ್ತೇನೆ: ವಾರಕ್ಕೆ ಎಷ್ಟು ಸಲ ಬ್ಯಾಗು ಎತ್ತಿ ಇಳಿಸುತ್ತೀರಿ? ಎರಡು ಮೂರು ಸಲ ಅಂದರೆ ದೊಡ್ಡದೇ ತಗೊಳ್ಳಿ, ಸುಖವಾಗಿರುತ್ತೀರಿ. ದಿನಕ್ಕೆ ಹತ್ತು ಸಲ ಅಂದರೆ ಎರಡೂಕಾಲು ಕೆಜಿ ಮೇಲೆ ಹೋಗಬೇಡಿ, ಚಿಪ್ಪು ಯಾವುದಾದರೂ ಇರಲಿ.

18 ಇಂಚಿನದನ್ನು ಕೊನೆಗೂ ಮಾರಲಿಲ್ಲ. ಮನೆಯ ಮೇಜಿನ ಮೇಲೆ ಪ್ಲಗ್ಗಿನಲ್ಲೇ ಇರುತ್ತದೆ, ಸವೆಯದಿರಲಿ ಅಂತ ಬ್ಯಾಟರಿ ಚಾರ್ಜನ್ನು 60 ಶೇಕಡಕ್ಕೆ ನಿಲ್ಲಿಸಿದ್ದೇನೆ. ಕಳೆದ ತಿಂಗಳು ಬಹಳ ದಿನದ ಮೇಲೆ ಐದು ವಾರದ ಕೆಲಸ ಬಂತು. ಯೋಚನೆಯೇ ಮಾಡದೆ ದೊಡ್ಡದನ್ನು ತುಂಬಿಕೊಂಡೆ, ಇಟ್ಟಿಗೆಯ ಸಮೇತ. ಕೊಕ್ಕೆ ತಕ್ಕಡಿ ಮತ್ತೆ 6.4 ತೋರಿಸಿತು. ಆಮೇಲೆ ಹೆಡ್‌ಫೋನು ತೆಗೆದು ಕಪಾಟಿನಲ್ಲಿಟ್ಟೆ. ಇದರ ಫ್ಯಾನಿಗೆ ಅದು ಬೇಕಾಗುವುದಿಲ್ಲ. 6.1.