ಬಡವರ ಮನೆ ಭೇಟಿಗೆ ಮೊದಲ ಸಲ ಹೊರಟವರಿಗೆ

ನಮ್ಮ ಕ್ಯಾಥೊಲಿಕ್ ಚರ್ಚಿನ ಧರ್ಮಕೇಂದ್ರದಲ್ಲಿ ಬಡವರ ಮನೆಗೆ ಹೋಗಿ ನೆರವಾಗುವ ವಿನ್ಸೆಂಟ್ ದೆ ಪಾಲ್ ಸಭೆಗೆ ಈ ವರ್ಷ ನಾಲ್ಕು ಜನ ಹೊಸಬರು ಸೇರಿದ್ದಾರೆ. ಮೂವರಿಗೆ ಇನ್ನೂ ಮೂವತ್ತಾಗಿಲ್ಲ. ಮೊದಲ ಮೀಟಿಂಗ್ ಮುಗಿಸಿ ಎದ್ದಾಗ ಅವರಲ್ಲಿ ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಆಂಟಿ, ಮನೆ ಒಳಗೆ ಹೋದ ಮೇಲೆ ಏನು ಮಾತಾಡೋದು?" ಒಳ್ಳೆ ಪ್ರಶ್ನೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರೂ ಇದನ್ನು ಕೇಳಿಕೊಂಡಿರುವುದಿಲ್ಲ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆದಿದ್ದೇನೆ. ಇದೆಲ್ಲ ಬೆಂಗಳೂರಿನ ನಮ್ಮ ಏರಿಯಾದ ಲೆಕ್ಕ. ನಾವು ಹೋಗುವ ಗಲ್ಲಿಯಲ್ಲಿ ಒಂದು ಮಾರಮ್ಮನ ಗುಡಿ, ಒಂದು ಮಸೀದಿ, ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವೇಳಾಂಗಣಿ ಮಾತೆ, ಮೂರೂ ಇನ್ನೂರು ಹೆಜ್ಜೆಯೊಳಗೆ ಇವೆ.

ಮೊದಲು ಈ ಸಭೆ ಹೇಗೆ ಹುಟ್ಟಿತು ಅಂತ ತಿಳಿದುಕೊಳ್ಳಿ, ಏಕೆಂದರೆ ನಮ್ಮ ಕೆಲಸದ ರೀತಿಯೆಲ್ಲ ಅಲ್ಲಿಂದಲೇ ಬಂದದ್ದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಮ್ ಎಂಬ ಇಪ್ಪತ್ತರ ವಿದ್ಯಾರ್ಥಿ ಧರ್ಮದ ಪರವಾಗಿ ಜೋರಾಗಿ ವಾದ ಮಾಡುತ್ತಿದ್ದ. "ಮಾತು ಸಾಕು, ಬಡವರಿಗೆ ನೀವೇನು ಮಾಡಿದ್ದೀರಿ ತೋರಿಸಿ" ಅಂತ ಎದುರಾಳಿಗಳು ಕೆಣಕಿದರು. ಅವನೂ ಗೆಳೆಯರೂ ಬಡವರ ಮನೆಗಳಿಗೆ ಹೋಗತೊಡಗಿದರು. ಯಾವ ಮನೆಗೆ ಹೋಗಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸಿದ್ದು ಅದೇ ಊರಿನ ಬಡ ಬೀದಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಸಿಸ್ಟರ್ ರೋಸಲಿ ರೆಂದು. ಗಮನಿಸಿ, ಅವರು ಬಡವರನ್ನು ಚರ್ಚಿನ ಬಾಗಿಲಿಗೆ ಕರೆಸಿ ಸಾಲು ನಿಲ್ಲಿಸಲಿಲ್ಲ, ತಾವೇ ಮೆಟ್ಟಿಲು ಹತ್ತಿ ಹೋದರು.

ಹಾಗಾಗಿ ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಿ. ಹೌದು, ಅಕ್ಕಿ ಇಲ್ಲ, ಕವರ್ ಇಲ್ಲ, ಬ್ರೆಡ್ಡೂ ಇಲ್ಲ. ಮೊದಲ ದಿನವೇ ಕಿಟ್ ಹಿಡಿದು ಹೋದರೆ ಅವರ ಕಣ್ಣೆಲ್ಲ ಕಿಟ್ ಮೇಲೆ, ನಿಮ್ಮ ಕಣ್ಣೆಲ್ಲ ಅವರು ಥ್ಯಾಂಕ್ಸ್ ಹೇಳುತ್ತಾರಾ ಅನ್ನುವುದರ ಮೇಲೆ. ಮಾತು ಹುಟ್ಟುವುದೇ ಇಲ್ಲ. ಇಬ್ಬರು ಹೋಗಿ, ಆದಷ್ಟು ಒಬ್ಬ ಹೆಂಗಸು ಇರಲಿ. ಒಬ್ಬರೇ ಹೋದರೆ ಇಲ್ಲದ ಮಾತು ಬರುತ್ತದೆ, ಮೂರು ನಾಲ್ಕು ಜನ ಹೋದರೆ ಸರ್ವೆಗೆ ಬಂದವರ ಹಾಗೆ ಕಾಣುತ್ತದೆ. ಹತ್ತಡಿ ಹತ್ತಡಿಯ ರೂಮಿನಲ್ಲಿ ನಾಲ್ಕು ಜನ ಕೂರುವುದಾದರೂ ಎಲ್ಲಿ?

ಚಪ್ಪಲಿ ಹೊರಗೆ ಬಿಡಿ. ಕೆಳಗೆ ಕೂರಿ. ಮನೆಯಲ್ಲಿರುವ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ನಿಮ್ಮ ಮುಂದೆ ಇಡುತ್ತಾರೆ. ವಯಸ್ಸಾದವರು, ಮಂಡಿನೋವು ಇರುವವರು ಕೂತುಕೊಳ್ಳಲಿ, ಉಳಿದವರಿಗೆ ನೆಲವೇ ಸರಿ. ಆಮೇಲೆ ಅವರು ಏನು ಮಾಡುತ್ತಿದ್ದರೋ ಅದನ್ನು ಮುಂದುವರಿಸಲು ಬಿಡಿ. ನಾವು ಹೋಗುವ ಒಂದು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಆ ಅಮ್ಮ ಮುಂದೆ ಗಿಡ್ಡ ಹಲಗೆ ಇಟ್ಟುಕೊಂಡು, ಒಂದು ಉಂಡೆ ಕಪ್ಪು ಹಿಟ್ಟು ಚಿವುಟಿ ಕಡ್ಡಿಗೆ ಹಚ್ಚಿ ಅಂಗೈಯಲ್ಲಿ ಒಮ್ಮೆ ಉಜ್ಜಿದರೆ ಮುಗೀತು, ಬತ್ತಿ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಮೊದಲ ಎರಡು ವಾರ ನಾವು ಬಂದೆವು ಅಂತ ಆಕೆ ಕೈ ತೊಳೆದು ಎದ್ದು ಬಂದು ಕೂತರು. ಅಂದರೆ ನಾವು ಕೂತ ಅರ್ಧ ಗಂಟೆಯ ಕೂಲಿ ಹೋಯಿತು, ಅದು ನಮಗೆ ಹೊಳೆಯಲೇ ಇಲ್ಲ. ಮೂರನೇ ವಾರ ನನ್ನ ಜೊತೆಗಾತಿ ಹಲಗೆ ಪಕ್ಕ ಕೂತು, "ನೀವು ಹೊಸೀತಾ ಇರಿ, ನಾನು ಒಣಗಿದ್ದನ್ನ ಕಟ್ಟು ಕಟ್ತೀನಿ" ಅಂದಳು. ಅವತ್ತು ಬಾಯಿ ಬಿಟ್ಟರು. ಕೈ ಕೆಲಸದಲ್ಲಿದ್ದಾಗ ಮುಖ ನೋಡಬೇಕಾಗಿಲ್ಲ ಅಲ್ವಾ, ಗಂಡ ಮಾಡಿದ ಸಾಲದ ವಿಷಯ ಹೇಳುವುದು ಸುಲಭವಾಗುತ್ತದೆ.

ಏನು ಮಾತಾಡೋದು ಅಂದರೆ, ಕಡಿಮೆ ಮಾತಾಡಿ, ಜಾಸ್ತಿ ನೋಡಿ. ಆದರೆ ಇಣುಕಿ ನೋಡಿದ ಹಾಗಿರಬಾರದು. ಶಾಲೆ ಬ್ಯಾಗ್ ಗೋಡೆಗೆ ನೇತಾಡುತ್ತಿದೆ, ವಾರದ ದಿನ, ಹುಡುಗ ಮನೆಯಲ್ಲೇ ಇದ್ದಾನೆ. ಸಿಲಿಂಡರ್ ಇದೆ, ಅಡುಗೆ ಮಾತ್ರ ಸೀಮೆಎಣ್ಣೆ ಸ್ಟವ್ ಮೇಲೆ. ಒಬ್ಬ ಅಜ್ಜಿಯ ಮನೆಯಲ್ಲಿ ಟಿವಿ ಮೇಲೆ ಬಿಪಿ ಮಾತ್ರೆಯ ಪಟ್ಟಿ ಇತ್ತು, ಅದರಲ್ಲಿ ಅರ್ಧ ಮುರಿದ ಒಂದು ಮಾತ್ರೆಯನ್ನು ಮತ್ತೆ ಅದೇ ಗುಳಿಯೊಳಗೆ ತುರುಕಿ ಮೇಲೆ ಹಾಳೆ ಒತ್ತಿಟ್ಟಿದ್ದರು. ಡಾಕ್ಟರ್ ಒಂದು ಹೇಳಿದ್ದರು, ಅಜ್ಜಿ ತಿಂಗಳು ದಾಟಿಸಲು ಅರ್ಧರ್ಧ ತಿನ್ನುತ್ತಿದ್ದರು. "ಔಷಧಿ ತಗೋತಾ ಇದ್ದೀರಾ ಅಜ್ಜಿ?" ಅಂತ ಎಷ್ಟು ಸಲ ಕೇಳಿದ್ದರೂ "ಹೂಂ ಕಣಮ್ಮ" ಅಂತಲೇ ಹೇಳುತ್ತಿದ್ದರು. ಸುಳ್ಳೂ ಅಲ್ಲ.

ಕರೆಯುವ ರೀತಿ ಮುಖ್ಯ. ಹಿಂದೂ ಮನೆಯಲ್ಲಿ ಅಮ್ಮ, ಅಕ್ಕ, ಅಣ್ಣ. ಮುಸ್ಲಿಂ ಮನೆಯಲ್ಲಿ ಆಪಾ, ಭಾಯ್. ನಿಮಗಿಂತ ಚಿಕ್ಕವರಾದರೂ ಬಹುವಚನ ಬಿಡಬೇಡಿ, ಬಡವರನ್ನು ಏಕವಚನದಲ್ಲಿ ಕರೆಯುವ ಚಾಳಿ ನಮಗೆ ಗೊತ್ತಿಲ್ಲದೆ ಬಂದುಬಿಟ್ಟಿರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬೇಡ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಡುವ ಮುಂಚೆ ಹೋಗಿ ಕೂತು ಬಿಸಿಲು ಅಂತ ಬಾಟಲಿಯಿಂದ ನೀರು ಕುಡಿಯಬೇಡಿ (ನಾನು ಕುಡಿದಿದ್ದೇನೆ). ಟೀ ಕೊಟ್ಟರೆ ಕುಡಿಯಿರಿ. "ಬೇಡ ಬೇಡ, ನಿಮಗ್ಯಾಕೆ ತೊಂದರೆ" ಅಂದರೆ ಅವರ ಮನೆ ಟೀ ನಿಮಗೆ ಆಗುವುದಿಲ್ಲ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ, ಜಾತಿಯ ನೋವು ಉಂಡವರಿಗೆ ಅದು ಚುಚ್ಚುತ್ತದೆ. ಪ್ರಸಾದ ಕೊಟ್ಟರೆ? ನಾನು ತಿನ್ನುತ್ತೇನೆ. ನಮ್ಮಲ್ಲಿ ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ, ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಾಗದದಲ್ಲಿ ಮಡಚಿ ಇಟ್ಟುಕೊಳ್ಳಲಿ. ಮುಖ ಮಾತ್ರ ಗಂಟು ಹಾಕಬಾರದು.

ಇನ್ನು ನಾವು ಮಾಡಿದ ಒಂದು ತಪ್ಪು. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಅಕ್ಕಿ ಬೇಳೆಯ ಜೊತೆ ಯೇಸುವಿನ ಚಿತ್ರದ ಕ್ಯಾಲೆಂಡರ್ ಒಂದೊಂದು ಸುತ್ತಿ ಕೊಟ್ಟೆವು. ಉಳಿದಿತ್ತು, ಕೊಟ್ಟೆವು, ಅಷ್ಟೇ. ಒಬ್ಬಾಕೆ, ಗಂಡ ಬಿಟ್ಟುಹೋದವರು, ಮಾರಮ್ಮನಿಗೆ ನಡೆದುಕೊಳ್ಳುವವರು, ಗೋಡೆ ಖಾಲಿ ಇತ್ತು ಅಂತ ಮೊಳೆ ಹೊಡೆದು ನೇತುಹಾಕಿದರು. ತಿಥಿ, ಅಮಾವಾಸ್ಯೆ ನೋಡಿಕೊಳ್ಳುವುದಕ್ಕೆ ಬೇರೆ ಕ್ಯಾಲೆಂಡರ್ ಇತ್ತು, ಇದು ಹಾಲಿನ ಲೆಕ್ಕ ಬರೆಯಲು. ವಾರದೊಳಗೆ ಗಲ್ಲಿಯೆಲ್ಲ "ಅಕ್ಕಿಗೆ ಮತಾಂತರ ಆದಳು" ಅಂತ ಸುದ್ದಿ. ನಲ್ಲಿ ಹತ್ತಿರ ಯಾರೂ ಆಕೆಯ ಜೊತೆ ಮಾತಾಡಲಿಲ್ಲ, ಅಣ್ಣ ಊರಿಂದ ಬಂದು ಗಲಾಟೆ ಮಾಡಿದ. ನಾವು ಹೋಗಿ ಕ್ಷಮೆ ಕೇಳಿದೆವು. ಆಕೆ ನಮ್ಮನ್ನು ಬೈಯಲಿಲ್ಲ, "ಇನ್ನು ಸ್ವಲ್ಪ ದಿನ ಬರಬೇಡಿ" ಅಂದರು, ಅಷ್ಟೇ. ಅಂದಿನಿಂದ ನನ್ನ ಲೆಕ್ಕ ಒಂದೇ. ನಾವು ಸಂಜೆ ನಮ್ಮ ಮನೆಗೆ ಬಂದುಬಿಡುತ್ತೇವೆ, ಅವರು ಅದೇ ಗಲ್ಲಿಯಲ್ಲಿ ಬದುಕಬೇಕು. ಏನು ಮಾಡುವ ಮುಂಚೆಯೂ ಪಕ್ಕದ ಮನೆಯವರ ಕಣ್ಣಿಂದ ಒಮ್ಮೆ ನೋಡಿ. ಸಹಾಯದ ಜೊತೆ ಕ್ಯಾಲೆಂಡರ್, ಜಪಸರ, ಕರಪತ್ರ, ಚಿತ್ರ ಯಾವುದೂ ಬೇಡ. ಫೋಟೋ ಅಂತೂ ಬೇಡವೇ ಬೇಡ. ದಾನಿಗಳು ಫೋಟೋ ಕೇಳಿದರೆ ಅಂಗಡಿ ಬಿಲ್ ಕಳಿಸಿ.

"ಹಾಗಾದರೆ ನಮ್ಮದು ಮಿಷನ್ ಕೆಲಸ ಹೇಗಾಯಿತು ಆಂಟಿ?" ಅಂತ ಅದೇ ಹುಡುಗ ಕೇಳಿದ. ಮಂಗಳೂರು ಕಡೆಯವರಿಗೆ ಫಾದರ್ ಮುಲ್ಲರ್ ಗೊತ್ತು. ಜರ್ಮನಿಯವರು, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ, 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪಥಿ ಗುಳಿಗೆ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ, 1902ರಲ್ಲಿ ಪ್ಲೇಗ್ ಆಸ್ಪತ್ರೆ. ಮಿಷನ್ ಅಂದರೆ ನನಗೆ ಆ ಗುಳಿಗೆ ಡಬ್ಬಿ. ಒಪ್ಪದವರು ನಮ್ಮಲ್ಲೇ ಇದ್ದಾರೆ, ಮೀಟಿಂಗಲ್ಲಿ ಜಗಳವೂ ಆಗಿದೆ.

ಪ್ರಾರ್ಥನೆ ಬಗ್ಗೆ. ನೀವಾಗಿ ಶುರು ಮಾಡಬೇಡಿ. ಅವರೇ "ನಮ್ಮ ಹುಡುಗನಿಗೆ ಜ್ವರ, ನಿಮ್ಮ ದೇವರಿಗೆ ಹೇಳಿಕೊಳ್ಳಿ" ಅಂದರೆ ನಮ್ಮ ಮನೆಯಲ್ಲಿ, ಚರ್ಚಿನ ಬಲಿಪೂಜೆಯಲ್ಲಿ ನೆನೆಯುತ್ತೇವೆ ಅನ್ನಿ. ಅಲ್ಲೇ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥನೆ ಮಾಡುವ ಅಗತ್ಯ ಇಲ್ಲ. ಬೆಂಗಳೂರಲ್ಲಿ ಹರಕೆಗೆ ಜನ ತಾವಾಗೇ ಹೋಗುತ್ತಾರೆ. ಗುರುವಾರ ವಿವೇಕನಗರದ ಬಾಲಯೇಸು ಚರ್ಚಿಗೆ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮಾತೆಯ ಹಬ್ಬಕ್ಕೆ ಬರುವವರಲ್ಲಿ ಎಷ್ಟು ಜನ ಹಣೆಗೆ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು ಅಂತ ನೋಡಿದ್ದೀರಲ್ಲ. ಅದಕ್ಕೂ ನಮ್ಮ ಅಕ್ಕಿಗೂ ಸಂಬಂಧ ಇಲ್ಲ, ಇರಲೂಬಾರದು.

ಯಾರಾದರೂ "ನಾನು ಕ್ರೈಸ್ತನಾಗಬೇಕು" ಅಂದರೆ? ಅಲ್ಲೇ ತಲೆ ಅಲ್ಲಾಡಿಸಬೇಡಿ, ಅದು ನಮ್ಮ ಕೆಲಸವೂ ಅಲ್ಲ. ಫಾದರ್ ಹತ್ತಿರ ಕಳಿಸಿ, ಸಹಾಯ ಪಡೆಯುತ್ತಿರುವ ಮನೆ ಅನ್ನುವುದನ್ನೂ ಅವರಿಗೆ ಹೇಳಿ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ದೊಡ್ಡವರಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗುವ ದೀಕ್ಷೆ, ಕೊಡಲು ತಿಂಗಳುಗಟ್ಟಲೆ ತಯಾರಿ ಇರುತ್ತದೆ, ಸಾಮಾನ್ಯವಾಗಿ ಪಾಸ್ಕ ಜಾಗರಣೆಯ ರಾತ್ರಿ (ಈಸ್ಟರ್ ಹಿಂದಿನ ರಾತ್ರಿ) ಕೊಡುತ್ತಾರೆ. ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಒತ್ತಾಯದಿಂದ ಸೇರಿಸಬಾರದು ಅಂತ ಆ ಧರ್ಮಸಭೆಯ ಕಾನೂನಿನ 748ನೇ ಕಲಮೇ ಹೇಳುತ್ತದೆ. ದೇಶದ ಕಾನೂನೂ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರದ ಕಾಯ್ದೆಯಲ್ಲಿ ಉಡುಗೊರೆ, ಹಣ, ಉಚಿತ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿಯಲ್ಲಿದ್ದವು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಆಮಿಷ ಅನ್ನಿಸಿಕೊಳ್ಳುವ ಹಾಗೆ ಕೊಡುವುದು ತಪ್ಪೇ.

ಈಗ ನಿಜವಾದ ಕೆಲಸಕ್ಕೆ ಬರೋಣ. ಮುಕ್ಕಾಲು ಪಾಲು ಕಾಗದದ ಕೆಲಸ. ಒಂದು ಮನೆಗೆ ತಿಂಗಳಿಗೆ 500 ರೂಪಾಯಿಯ ಸಾಮಾನು ಕೊಡುವುದಕ್ಕಿಂತ ನಿಂತುಹೋದ ಪಿಂಚಣಿ ಬರುವ ಹಾಗೆ ಮಾಡುವುದು ದೊಡ್ಡದು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200, ಮನೆಯೊಡತಿಗೆ ಗೃಹಲಕ್ಷ್ಮಿಯ 2,000, ರೇಷನ್ ಕಾರ್ಡ್‌ಗೆ ಅಕ್ಕಿ. ಇವುಗಳಲ್ಲಿ ಯಾವುದು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅಂತ ಮೊದಲು ನೋಡಿ. ಬಹಳ ಸಲ ಕಾರಣ ಸಣ್ಣದು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಬೆರಳಚ್ಚು ಬರುವುದಿಲ್ಲ, ಊದುಬತ್ತಿ ಹೊಸೆದು, ಪಾತ್ರೆ ತಿಕ್ಕಿ ಬೆರಳು ಸವೆದಿರುತ್ತದೆ. ಜೊತೆಯಲ್ಲಿ ನಾಡಕಚೇರಿಗೆ, ಬ್ಯಾಂಕಿಗೆ ಹೋಗಿ. ಅರ್ಜಿ ನೀವು ಬರೆಯಿರಿ, ಕೌಂಟರ್‌ನಲ್ಲಿ ಮಾತು ಅವರು ಆಡಲಿ. ಮೂಲ ದಾಖಲೆ ಯಾವತ್ತೂ ನಿಮ್ಮ ಬ್ಯಾಗಿಗೆ ಹಾಕಿಕೊಂಡು ಮನೆಗೆ ತರಬೇಡಿ, ಒಟಿಪಿ ಕೇಳಿ ಬರೆದುಕೊಳ್ಳಬೇಡಿ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ತುಂಬ ಎಚ್ಚರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗುವುದಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೊಟ್ಟರು, ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಹಾಗಂತ "ಫಾರಂನಲ್ಲಿ ಹಿಂದೂ ಅಂತಲೇ ಬರೆಸಿ" ಎಂಬ ಸಲಹೆ ನಮ್ಮ ಬಾಯಿಂದ ಬರಬಾರದು. ನಾಳೆ ಅದು ಗೊತ್ತಾಗಿ ಆ ಮನೆಯ ಹುಡುಗಿಯ ಕೆಲಸ ಹೋದರೆ ನಾವು ಇರುವುದಿಲ್ಲ. ಗೊತ್ತಿರುವ ವಕೀಲರ ಹತ್ತಿರ ಕಳಿಸಿ.

ದುಡ್ಡು ಕೈಗೆ ಕೊಡುವುದು ಕಟ್ಟಕಡೆಗೆ. ಔಷಧಿಯಾದರೆ ಅಂಗಡಿಗೆ, ಫೀಸಾದರೆ ಶಾಲೆಗೆ ನೇರ ಕಟ್ಟಿ. ಮೀಟಿಂಗಲ್ಲಿ ನಾವು ಯಾರಿಗೂ ಕಾಣದ ಹಾಗೆ ಹಣ ಹಾಕುವ ಗುಟ್ಟಿನ ಚೀಲದಲ್ಲಿ ಎಷ್ಟು ಬಿತ್ತು ಅಂತ ಲೆಕ್ಕ ಬರೆಯಿರಿ, ಯಾರಿಗೆ ಹೋಯಿತು ಅನ್ನುವುದು ಆ ಕೋಣೆ ದಾಟಬಾರದು. ದುಬೈನಲ್ಲಿರುವ ತಮ್ಮ ಕಳಿಸುತ್ತೇನೆ ಅಂದರೆ, ಅವನದು ಭಾರತದ ಪಾಸ್‌ಪೋರ್ಟ್ ಆಗಿದ್ದು ಸ್ವಂತ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾದ ಪಾಸ್‌ಪೋರ್ಟ್ ತೆಗೆದುಕೊಂಡ ಅತ್ತಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಸಭೆಯ ಖಾತೆಗೆ ಒಂದು ಪೈಸೆಯೂ ಹಾಕಿಸಿಕೊಳ್ಳಬಾರದು.

ಮಕ್ಕಳು ಒಬ್ಬರೇ ಇರುವ ಮನೆಗೆ ಒಳಗೆ ಹೋಗಬೇಡಿ, ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಬನ್ನಿ. ಹೊಡೆತದ ಗಾಯ ಕಂಡರೆ, ಮಗು ಹೆದರಿದ್ದರೆ ನೀವೇ ಪಂಚಾಯ್ತಿ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಂದು ಮನೆಗೆ ಎಷ್ಟು ದಿನ ಹೋಗಬೇಕು? ಅವರೇ "ಈ ತಿಂಗಳು ಬೇಡಮ್ಮ, ಆ ಕಡೆ ಮನೆಯವರಿಗೆ ಕೊಡಿ" ಅನ್ನುವವರೆಗೆ. ಅನ್ನುತ್ತಾರಾ ಅಂತ ನಗಬೇಡಿ, ಊದುಬತ್ತಿ ಮನೆಯಮ್ಮ ಅಂದರು. ಆ ಕಡೆ ಮನೆಯ ಆಪಾಗೆ ಹೊಲಿಗೆ ಮಿಷನ್ ರಿಪೇರಿ ಆಗಬೇಕಿತ್ತು. ಕೊಡುವುದು ನಿಲ್ಲಿಸಿದ ಮೇಲೂ ದಾರಿಯಲ್ಲಿ ಹೋಗುವಾಗ ಬಾಗಿಲಲ್ಲಿ ನಿಂತು ಮಾತಾಡಿಸಿ.

ಬ್ಯಾಗಲ್ಲಿ ಏನಿರಲಿ ಅಂತ ಆ ಹುಡುಗ ಕೊನೆಗೆ ಕೇಳಿದ. ಎರಡು ಪೆನ್ನು, ಬಿಳಿ ಹಾಳೆ, ಸ್ಟಾಂಪ್ ಪ್ಯಾಡ್, ಅಂಟು, ಜೆರಾಕ್ಸಿಗೆ ಚಿಲ್ಲರೆ, ಓದುವ ಕನ್ನಡಕ ಒಂದು ಜಾಸ್ತಿ, ಏಕೆಂದರೆ ಸಹಿ ಹಾಕುವ ಮುಂಚೆ ಅವರಿಗೂ ಓದಿ ನೋಡಬೇಕು ಅನ್ನಿಸುತ್ತದೆ. ಕೊಡೆ ಇರಲಿ. ಕ್ಯಾಲೆಂಡರ್ ಬೇಡ.