ಕಾಟೇಜಿಗೆ ನೆಟ್ ಬರ್ತಿಲ್ವಾ? ಮೊದಲು ಕೇಬಲ್ ಟೆಸ್ಟ್ ಮಾಡಿ

ಮಳೆಗಾಲ ಹಿಡಿಯಿತು ಅಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರದ್ದು ಒಂದೇ ದೂರು. ದೊಡ್ಡಮನೆಯಲ್ಲಿ ನೆಟ್ ಇದೆ, ಆಚೆ ಕಾಟೇಜಿನಲ್ಲಿ ಇಲ್ಲ. ದಯವಿಟ್ಟು ಕೂಡಲೇ ಹೊಸ ಕೇಬಲ್ ಎಳೆಸಬೇಡಿ. ಎಷ್ಟೋ ಸಲ ಕೆಟ್ಟಿರುವುದು ತುದಿಯ ಪ್ಲಗ್ ಮಾತ್ರ. ಎರಡು ತುಂಡಿನ ಸಾದಾ ನೆಟ್ ಕೇಬಲ್ ಟೆಸ್ಟರ್ ಇದ್ದರೆ ಅದು ಗೊತ್ತಾಗುತ್ತದೆ.

ಮೊದಲು ಕೇಬಲ್‌ನ ಎರಡೂ ತುದಿ ಬಿಚ್ಚಿ. ಸಿಸಿ ಕ್ಯಾಮೆರಾಗೋ ಆಂಟೆನಾಗೋ ಅದೇ ಕೇಬಲ್‌ನಲ್ಲಿ 24 ಅಥವಾ 48 ವೋಲ್ಟ್ ಹೋಗುತ್ತಿದ್ದರೆ ಟೆಸ್ಟರ್ ಸುಟ್ಟುಹೋಗಬಹುದು. ಗುಡುಗು ಮಿಂಚು ಇದ್ದಾಗಂತೂ ಮುಟ್ಟಲೇಬೇಡಿ.

ಈಚೆ ತುದಿಗೆ ಟೆಸ್ಟರಿನ ಮುಖ್ಯ ತುಂಡು (ಮಾಸ್ಟರ್), ಆಚೆ ತುದಿಗೆ ಇನ್ನೊಂದು ತುಂಡು (ರಿಮೋಟ್) ಹಾಕಿ ಆನ್ ಮಾಡಿ. 1ರಿಂದ 8ರವರೆಗೆ ಲೈಟ್ ಒಂದೊಂದಾಗಿ ಓಡುತ್ತದೆ. ನೋಡಬೇಕಾದ್ದು ರಿಮೋಟನ್ನು. ಒಬ್ಬರೇ ಇದ್ದರೆ ಅಲ್ಲಿ ಫೋನ್ ಇಟ್ಟು ವಿಡಿಯೋ ಮಾಡಿಕೊಳ್ಳಿ, ತೋಟದಲ್ಲಿ ಅತ್ತಿಂದಿತ್ತ ಓಡಾಡುವುದು ತಪ್ಪುತ್ತದೆ. ಒಂದು ನಂಬರ್ ಹತ್ತಲೇ ಇಲ್ಲ ಅಂದರೆ ಆ ವೈರ್ ಕಟ್ಟಾಗಿದೆ, ಇಲ್ಲವೇ ಪ್ಲಗ್‌ಗೆ ತಾಗಿಲ್ಲ. 1, 2, 3 ಬರುವ ಬದಲು 1, 3, 2 ಬಂದರೆ ವೈರ್ ಅದಲುಬದಲಾಗಿದೆ. ಎರಡು ಲೈಟ್ ಒಟ್ಟಿಗೆ ಮಂಕಾಗಿ ಉರಿದರೆ, ಅಥವಾ ಮಾಸ್ಟರ್‌ನಲ್ಲಿ ಎಲ್ಲ ಓಡಿ ರಿಮೋಟ್‌ನಲ್ಲಿ ಎರಡು ಮಾತ್ರ ಆರಿದ್ದರೆ ಶಾರ್ಟ್ ಇರಬಹುದು, ಅಂದರೆ ವೈರ್ ಒಂದಕ್ಕೊಂದು ತಾಗಿರಬಹುದು. ಜಿ ಲೈಟ್ ಹತ್ತದಿದ್ದರೆ ಚಿಂತೆ ಬೇಡ, ಅದು ಶೀಲ್ಡ್ (ಒಳಗೆ ಲೋಹದ ಹೊದಿಕೆ) ಇರುವ ಕೇಬಲ್‌ಗೆ. ಲೈಟ್ ಓಡುತ್ತಿರುವಾಗಲೇ ಪ್ಲಗ್ಗಿನ ಬುಡವನ್ನು ಮೆಲ್ಲಗೆ ಅಲ್ಲಾಡಿಸಿ. ಆಗ ಒಂದು ನಂಬರ್ ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಆದರೆ ಎಂಟೂ ಲೈಟ್ ಸರಿ ಓಡಿದರೂ ಕೇಬಲ್ ತಪ್ಪಿರಬಹುದು! ಕೆಲವರು ಬಣ್ಣ ಜೋಡಿ ಜೋಡಿಯಾಗಿ ಕಾಣಲಿ ಅಂತ ಕಿತ್ತಳೆ, ಹಸಿರು, ನೀಲಿ, ಕಂದು ಹೀಗೆ ಸಾಲಾಗಿ ಎರಡೂ ತುದಿಗೆ ಪ್ಲಗ್ ಒತ್ತಿ ಕೂರಿಸಿಬಿಡುತ್ತಾರೆ. ಟೆಸ್ಟರ್ ಏನೂ ಹೇಳುವುದಿಲ್ಲ, ಯಾಕೆಂದರೆ ಅದು ವೈರ್ ಮುಟ್ಟಿದೆಯಾ ಅಂತ ಮಾತ್ರ ನೋಡುತ್ತದೆ. ಆದರೆ ಕೇಬಲ್ ಒಳಗೆ ವೈರ್ ಎರಡೆರಡಾಗಿ ಹುರಿಗೊಂಡಿರುತ್ತವೆ, 3 ಮತ್ತು 6ನೇ ವೈರ್ ಒಂದೇ ಹುರಿಯ ಜೋಡಿ ಆಗಿರಲೇಬೇಕು. ಇಲ್ಲದಿದ್ದರೆ ಉದ್ದದ ಕೇಬಲ್‌ನಲ್ಲಿ ನೆಟ್ ತೆವಳುತ್ತದೆ, ಕಡಿಯುತ್ತದೆ. ಹಾಗಾಗಿ ಪ್ಲಗ್ಗಿನ ಕೊಕ್ಕೆ ಕೆಳಗೆ ಮಾಡಿ, ವೈರ್ ನಿಮ್ಮ ಕಡೆ ಇರುವ ಹಾಗೆ ಹಿಡಿದು, ಎಡದಿಂದ ಬಣ್ಣ ಓದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ತಪ್ಪು ಕಂಡರೆ ಪ್ಲಗ್ ಕತ್ತರಿಸಿ ಹೊಸದು ಹಾಕಿ. ನಮ್ಮ ಕಡೆಯ ತೇವಕ್ಕೆ ತಾಮ್ರ ಹಸಿರು ಹಿಡಿದಿದ್ದರೆ ಒಳ್ಳೆಯ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ. ಹುರಿ ಬಿಚ್ಚುವುದು ಅರ್ಧ ಇಂಚಿಗಿಂತ ಜಾಸ್ತಿ ಬೇಡ. ಎರಡೂ ಪ್ಲಗ್ ಹೊಸದಾದ ಮೇಲೂ ಅದೇ ನಂಬರ್ ಹತ್ತದಿದ್ದರೆ ಮಾತ್ರ ಇಲಿ ಕಡಿದ ಜಾಗ ಹುಡುಕುತ್ತಾ ಹೊರಡಿ.

ಕೊನೆಗೆ ಲ್ಯಾಪ್‌ಟಾಪ್‌ಗೆ ಹಾಕಿ ಲಿಂಕ್ ಸ್ಪೀಡ್ ನೋಡಿ. ಎರಡೂ ಕಡೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ದೂ 100 ಮಾತ್ರ ತೋರಿಸಿದರೆ 4, 5, 7, 8ನೇ ವೈರ್‌ಗಳನ್ನು ಇನ್ನೊಮ್ಮೆ ನೋಡಿ. 100ಕ್ಕೆ 1, 2, 3, 6 ಸಾಕು, 1000ಕ್ಕೆ ಎಂಟೂ ಬೇಕು.